ನಮ್ಮ ಅಧ್ಯಕ್ಷರ ಮೇಲೆ ನಾವೇ ಅವಿಶ್ವಾಸ ತಂದಾಗ

ನಮ್ಮ ಸಂಘದ ಪ್ರತಿ ಸಭೆಯ ಸೂಚನಾಪತ್ರದಲ್ಲೂ ಕೊನೆಯ ಸಾಲು ಒಂದೇ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು.’ ಕಾರ್ಯದರ್ಶಿಯಾಗಿ ಒಂಬತ್ತು ವರ್ಷ ಆ ಸಾಲನ್ನು ಬರೆದವಳು ನಾನೇ. ಎಂದೂ ಅದರ ಅರ್ಥದ ಬಗ್ಗೆ ಯೋಚಿಸಿರಲಿಲ್ಲ. ಅಧ್ಯಕ್ಷರನ್ನೇ ಕೆಳಗಿಳಿಸುವ ಮಾತು ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಆ ಸಾಲು. ಇದಕ್ಕೂ ಅವರ ಅಪ್ಪಣೆ ಬೇಕಾ?

ಬೇಕಿಲ್ಲ. ಆದರೆ ಅದು ಗೊತ್ತಾಗುವುದಕ್ಕೆ, ಗೊತ್ತಾದ ಮೇಲೆ ಮಾಡುವುದಕ್ಕೆ ನಮಗೆ ಸುಮಾರು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳ ಕಥೆ ಇದು.

ನಮ್ಮದು ಸದಸ್ಯರೇ ನಡೆಸುವ ಗ್ರಂಥಾಲಯ ಸಂಘ. ಆಡಳಿತ ಮಂಡಳಿಯಲ್ಲಿ 11 ಜನ ನಿರ್ದೇಶಕರು. ಅಧ್ಯಕ್ಷರನ್ನು ಆರಿಸುವುದು ಆ 11 ಜನರೇ, ಇಳಿಸಬೇಕಾದರೂ ಅವರೇ. ಅಧ್ಯಕ್ಷರು ಸಂಘ ಕಟ್ಟಿದವರಲ್ಲಿ ಒಬ್ಬರು. ಒಂದು ಮಳೆಗಾಲದಲ್ಲಿ ಸೂರು ಸೋರಿ ಪುಸ್ತಕಗಳು ನೆನೆಯತೊಡಗಿದಾಗ, ರಾತ್ರಿಯೆಲ್ಲಾ ನಿಂತು ಕಪಾಟುಗಳನ್ನು ಖಾಲಿ ಮಾಡಿಸಿದ್ದರು. ತಮ್ಮ ಮನೆಯ ಹಾಲ್‌ನಲ್ಲಿ ಪುಸ್ತಕಗಳನ್ನು ಬಿಡಿಸಿಟ್ಟು ಫ್ಯಾನ್ ಹಾಕಿ ಒಣಗಿಸಿದ್ದರು. ಅವರ ಬಗ್ಗೆ ಒಂದು ಕೆಟ್ಟ ಮಾತಾಡಬೇಕಾದರೆ ಈ ಚಿತ್ರ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಈಗಲೂ ನಿಲ್ಲುತ್ತದೆ.

ತೊಂದರೆ ಶುರುವಾದದ್ದು ಯಾವಾಗ ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಮೊದಲು ಸಭೆಗಳು ಚಿಕ್ಕದಾದವು. ಹಿಂದಿನ ಸಭೆಯ ನಡಾವಳಿ ಓದಲು ನಾನು ಪುಸ್ತಕ ತೆರೆದರೆ, ‘ಓದಿ ಖಾಯಂ ಮಾಡಲಾಯಿತು ಅಂತ ಬರ್ಕೊಳ್ಳಿ, ಮುಂದಕ್ಕೆ ಹೋಗೋಣ’ ಅನ್ನುತ್ತಿದ್ದರು. ನಾನೂ ಬರೆದುಕೊಳ್ಳುತ್ತಿದ್ದೆ. ಅದು ನನ್ನ ತಪ್ಪು. ಆಮೇಲೆ ಸಭೆಗಳೇ ನಿಂತವು. ತಿಂಗಳಿಗೊಂದು ಸಭೆ ಕರೆಯಬೇಕೆಂದು ಬೈಲಾದಲ್ಲಿದೆ. ಐದು ತಿಂಗಳು ಒಂದೂ ಆಗಲಿಲ್ಲ. ಆ ನಡುವೆ ಓದುವ ಕೋಣೆ ದೊಡ್ಡದು ಮಾಡಲು ಒಬ್ಬ ಗುತ್ತಿಗೆದಾರರ ಜೊತೆ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟರು. ಮಂಡಳಿಯ ಠರಾವು ಇಲ್ಲ, ಯಾರನ್ನೂ ಕೇಳಿಲ್ಲ. ಕೊನೆಗೆ ಖಜಾಂಚಿಗೆ ಕಡತದಲ್ಲಿ ಲೆಕ್ಕಪರಿಶೋಧಕರ ಒಂದು ಪತ್ರ ಸಿಕ್ಕಿತು. ಏಳು ಪ್ರಶ್ನೆ ಕೇಳಿ ಬರೆದ ಪತ್ರ. ಮಂಡಳಿಯ ಮುಂದೆ ಇಡಿ ಅಂತ ಅದರಲ್ಲೇ ಬರೆದಿತ್ತು. ಅದು ಬಂದು ನಾಲ್ಕು ತಿಂಗಳಾಗಿತ್ತು.

ದುಡ್ಡು ತಿಂದಿದ್ದಾರೆ ಅಂತ ನಮ್ಮಲ್ಲಿ ಯಾರೂ ಹೇಳಲಿಲ್ಲ. ತಿಂದಿರಲೂ ಇಲ್ಲ. ಈ ಸಂಘ ತಮ್ಮದು, ತಾವು ಮಾಡಿದ್ದು ಸಂಘದ ಒಳ್ಳೆಯದಕ್ಕೇ ಅನ್ನುವ ನಂಬಿಕೆ ಅವರದು. ಆ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಉಳಿದ ಹತ್ತು ಜನ ಅವರಿಗೆ ಕಾಣಿಸುತ್ತಲೇ ಇರಲಿಲ್ಲ.

ಎರಡು ತಿಂಗಳು ನಾವು ಮಾಡಿದ್ದು ಫೋನಿನಲ್ಲಿ ಗೊಣಗುವ ಕೆಲಸ. ಒಬ್ಬೊಬ್ಬರೂ ನನಗೆ ಫೋನ್ ಮಾಡಿ ಹೇಳುವವರೇ. ಅಧ್ಯಕ್ಷರಿಗೆ ಹೇಳಿದವರು ಯಾರೂ ಇಲ್ಲ. ಎದುರಿಗೆ ಸಿಕ್ಕಾಗ ಎಲ್ಲರೂ ನಗುತ್ತಾ ಮಾತಾಡುತ್ತಿದ್ದೆವು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಹಿಂದೆ ಆಡಿದ್ದನ್ನು ಮುಂದೆ ಆಡಬೇಕು, ಅದೂ ಕಾಗದದ ಮೇಲೆ, ಹೆಸರು ಬರೆದು. ಇಲ್ಲವಾದರೆ ಸುಮ್ಮನಿರಬೇಕು. ಮಂಡಳಿಯಲ್ಲಿ ವಕೀಲಿಕೆ ಮಾಡಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಒಂದು ಸಂಜೆ ಅವರು ಇದೇ ಮಾತನ್ನು ಹೇಳಿ ಬೈಲಾ ಪುಸ್ತಕ ತೆರೆದರು.

ಬೈಲಾದಲ್ಲಿ ಅವಿಶ್ವಾಸದ ಬಗ್ಗೆ ಇದ್ದದ್ದು ಐದೇ ಸಾಲು. ಅದನ್ನು ನಾವು ಆ ಸಂಜೆ ಹತ್ತು ಸಲ ಓದಿರಬೇಕು. ನಾಲ್ವರು ನಿರ್ದೇಶಕರು ಸಹಿ ಮಾಡಿದ ಸೂಚನೆ ಬೇಕು. ಅದಕ್ಕೆಂದೇ ಕರೆದ ವಿಶೇಷ ಸಭೆ ಬೇಕು. ಬೇರೆ ವಿಷಯದ ಜೊತೆ ಸೇರಿಸುವಂತಿಲ್ಲ. ಪೂರ್ಣ 15 ದಿನಗಳ ನೋಟಿಸ್ ಕೊಡಬೇಕು. ಅಧ್ಯಕ್ಷರಿಗೆ ಮಾತಾಡಲು ಅವಕಾಶ ಕೊಡಬೇಕು. ಒಟ್ಟು ನಿರ್ದೇಶಕರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿದರೆ ಸ್ಥಾನ ತೆರವಾದಂತೆ.

ಆ ಕೊನೆಯ ಮಾತು ಇದ್ದದ್ದು ನಮ್ಮ ಪುಣ್ಯ ಅಂದರು ವಕೀಲರು. ಎಷ್ಟೋ ಸಂಘಗಳ ಬೈಲಾದಲ್ಲಿ ಅದು ಇರುವುದಿಲ್ಲ. ಆಗ ಅವಿಶ್ವಾಸ ಅನ್ನುವುದು ಬರೀ ಅಭಿಪ್ರಾಯ. ‘ನಿಮ್ಮ ಮೇಲೆ ನಮಗೆ ನಂಬಿಕೆ ಇಲ್ಲ’ ಅಂತ ಹೇಳಿದಂತಾಗುತ್ತದೆ ಅಷ್ಟೇ, ಕುರ್ಚಿ ಹಾಗೇ ಇರುತ್ತದೆ. ಅವರು ಕೊಟ್ಟ ಉದಾಹರಣೆ ಹಾರ್ವರ್ಡ್ ವಿಶ್ವವಿದ್ಯಾಲಯದ್ದು. 2005ರ ಮಾರ್ಚ್‌ನಲ್ಲಿ ಅಲ್ಲಿನ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು ವಿಶ್ವವಿದ್ಯಾಲಯದ ಅಧ್ಯಕ್ಷ ಲಾರೆನ್ಸ್ ಸಮ್ಮರ್ಸ್ ಅವರ ಮೇಲೆ ವಿಶ್ವಾಸವಿಲ್ಲ ಎಂದು ಮತ ಹಾಕಿದರು. ಪರ 218, ವಿರುದ್ಧ 185. ಅಧ್ಯಕ್ಷರನ್ನು ತೆಗೆಯುವ ಅಧಿಕಾರ ಅಧ್ಯಾಪಕರಿಗೆ ಇರಲಿಲ್ಲ. ಸಮ್ಮರ್ಸ್ ಮುಂದುವರಿದರು. ಆದರೆ ವರ್ಷ ತುಂಬುವುದರೊಳಗೆ, 2006ರ ಫೆಬ್ರವರಿಯಲ್ಲಿ, ತಾವೇ ರಾಜೀನಾಮೆ ಘೋಷಿಸಿದರು. ‘ಅಧಿಕಾರ ಬೇರೆ, ನಂಬಿಕೆ ಬೇರೆ. ನಮ್ಮ ಬೈಲಾ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ. ಅದಕ್ಕೇ ನಾವು ಜಾಸ್ತಿ ಹುಷಾರಾಗಿರಬೇಕು’ ಅಂದರು.

ಆಮೇಲೆ ಲೆಕ್ಕಕ್ಕೆ ಕೂತೆವು. ‘ಒಟ್ಟು’ ಅನ್ನುವ ಎರಡಕ್ಷರದ ಪದ ಎಷ್ಟು ದೊಡ್ಡದು ಅಂತ ನನಗೆ ಆವತ್ತು ಗೊತ್ತಾಯಿತು. ಸಭೆಗೆ ಹಾಜರಿದ್ದವರಲ್ಲಿ ಮೂರನೇ ಎರಡು ಅಂತ ಇದ್ದರೆ, ಆರು ಜನ ಬಂದ ದಿನ ನಾಲ್ಕೇ ಮತ ಸಾಕು. ಒಟ್ಟು ಅಂದರೆ ಹಾಗಲ್ಲ. 11ರಲ್ಲಿ ಮೂರನೇ ಎರಡು ಅಂದರೆ ಏಳು ದಾಟಿ ಮೇಲೆ ಸ್ವಲ್ಪ. ಏಳು ಸಾಲದು, ಎಂಟು ಬೇಕು. ಬಾರದೆ ಮನೆಯಲ್ಲಿ ಕೂತವರೂ, ಮತ ಹಾಕದೆ ಸುಮ್ಮನಿದ್ದವರೂ ಅಧ್ಯಕ್ಷರ ಪರ ನಿಂತ ಹಾಗೇ ಲೆಕ್ಕ.

ನಿರ್ಣಯದ ಕರಡು ಬರೆದವಳು ನಾನು. ಮೊದಲ ಕರಡಿನಲ್ಲಿ ‘ಸರ್ವಾಧಿಕಾರಿ ಧೋರಣೆ’, ‘ಸದಸ್ಯರ ನಂಬಿಕೆಗೆ ದ್ರೋಹ’ ಅಂತೆಲ್ಲಾ ಬರೆದಿದ್ದೆ. ಕೋಪವಿತ್ತಲ್ಲ. ವಕೀಲರು ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಪದ ಹೊಡೆದು ಹಾಕಿದರು. ‘ಇದನ್ನ ತೋರಿಸೋಕಾಗುತ್ತಾ? ಇಲ್ಲ. ಇದನ್ನ? ಇಲ್ಲ.’ ಕೊನೆಗೆ ಉಳಿದದ್ದು ಮೂರು ವಾಕ್ಯ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಸಭೆ ಕರೆದಿಲ್ಲ. ಯಾವ ತಾರೀಕಿನ ಒಪ್ಪಂದಕ್ಕೆ ಠರಾವು ಇಲ್ಲ. ಯಾವ ತಾರೀಕು ಬಂದ ಪತ್ರವನ್ನು ಮಂಡಳಿಯ ಮುಂದೆ ಇಟ್ಟಿಲ್ಲ. ಅದರ ಕೆಳಗೆ, ‘ಈ ಕಾರಣಗಳಿಂದ ಮಂಡಳಿಯು ಅಧ್ಯಕ್ಷರ ಮೇಲಿನ ವಿಶ್ವಾಸವನ್ನು ಹಿಂತೆಗೆದುಕೊಳ್ಳುತ್ತದೆ.’

ಕಾರಣ ಬರೆಯಲೇಬೇಕೆಂದು ಬೈಲಾದಲ್ಲಿ ಇರಲಿಲ್ಲ. ಭಾರತದ ಲೋಕಸಭೆಯಲ್ಲೂ ಹಾಗೇ ಅಂತೆ. ಸರ್ಕಾರದ ಮೇಲಿನ ಅವಿಶ್ವಾಸಕ್ಕೆ 50 ಸದಸ್ಯರ ಬೆಂಬಲ ಇದ್ದರೆ ಸಾಕು, ಕಾರಣ ಬರೆಯಬೇಕಾಗಿಲ್ಲ. ಬರೆಯೋದು ಬೇಡ, ಅವರಿಗೆ ನೋವಾಗುತ್ತದೆ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಕಾರಣ ಹೇಳದೆ ಇಳಿಸಿದರೆ ಅವರು ಯಾವುದಕ್ಕೆ ಉತ್ತರ ಕೊಡಬೇಕು? ಊಹಾಪೋಹಕ್ಕಾ?

ಇನ್ನೊಂದು ಪ್ರಶ್ನೆ ಎತ್ತಿದವರು ಉಪಾಧ್ಯಕ್ಷೆ. ‘ಇಳಿಸಿದ ಮೇಲೆ ಯಾರು?’ ಅಂತ. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಜರ್ಮನಿಯ ಸಂವಿಧಾನದ 67ನೇ ವಿಧಿ ಇದೇ ಪ್ರಶ್ನೆಯನ್ನು ಕೇಳುತ್ತದೆ. ಅಲ್ಲಿ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಬೇಡ ಅಂತ ಬರೀ ಹೇಳುವಂತಿಲ್ಲ. ಅವರ ಬದಲು ಇವರು ಬೇಕು ಅಂತ ಅದೇ ಮತದಲ್ಲಿ ಇನ್ನೊಬ್ಬರನ್ನು ಆರಿಸಬೇಕು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹಾಗೆ. ನಮ್ಮ ಬೈಲಾದಲ್ಲಿ ಅಂಥದ್ದೇನೂ ಇಲ್ಲ. ಮುಂದಿನ ಚುನಾವಣೆಯವರೆಗೆ ಉಪಾಧ್ಯಕ್ಷರು ಪ್ರಭಾರ ವಹಿಸುತ್ತಾರೆ ಅಂತ ಮಾತ್ರ ಇದೆ. ಉಪಾಧ್ಯಕ್ಷೆ ಆಗಲೇ ಒಂದು ಮಾತು ಹೇಳಿದರು. ‘ಪ್ರಭಾರ ನನಗೆ ಬರುತ್ತೆ ಅಂದಮೇಲೆ ಈ ಕಾಗದಕ್ಕೆ ನಾನು ಸಹಿ ಹಾಕಲ್ಲ. ಆ ದಿನ ಸಭೆಯ ಕುರ್ಚಿಯಲ್ಲೂ ಕೂರಲ್ಲ. ಅಧ್ಯಕ್ಷಗಿರಿಗೆ ಚುನಾವಣೆಗೂ ನಿಲ್ಲಲ್ಲ.’ ಅವರ ಮೇಲೆ ನನಗಿದ್ದ ಗೌರವ ಆ ಕ್ಷಣ ಇಮ್ಮಡಿಯಾಯಿತು.

ನಾಲ್ವರು ಸಹಿ ಹಾಕಿದರು. ನಾನು ಹಾಕಲಿಲ್ಲ. ಸೂಚನೆಯನ್ನು ಸ್ವೀಕರಿಸಿ ಸಭೆ ಕರೆಯಬೇಕಾದವಳು ಕಾರ್ಯದರ್ಶಿ. ಕೊಡುವವಳೂ ತೆಗೆದುಕೊಳ್ಳುವವಳೂ ಒಬ್ಬಳೇ ಆಗಬಾರದು ಅಂತ.

ನೋಟಿಸನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ಕೈಯಲ್ಲಿ ಹಿಡಿದುಕೊಂಡು ಹೋದೆ. ಅವರು ಒಬ್ಬರೇ ಇದ್ದರು. ಸಭೆಯಲ್ಲಿ ನನ್ನನ್ನು ‘ಕಾರ್ಯದರ್ಶಿಗಳೇ’ ಅಂತ ಬಹುವಚನದಲ್ಲಿ ಕರೆಯುತ್ತಿದ್ದವರು, ಹೊರಗೆ ಸಿಕ್ಕರೆ ‘ಏನಮ್ಮಾ’ ಅನ್ನುತ್ತಿದ್ದರು. ಕಾಗದವನ್ನು ನಿಧಾನವಾಗಿ ಓದಿದರು. ಸಹಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

‘ನಿನ್ನ ಸಹಿ ಇಲ್ಲವಲ್ಲಮ್ಮಾ?’

‘ನಾನು ಸ್ವೀಕರಿಸುವವಳು ಸರ್. ಅದಕ್ಕೆ ಹಾಕಿಲ್ಲ.’

‘ಯಾವ ಕಡೆ ಮತ ಹಾಕ್ತೀಯ ಅಂತ ನಾನು ಕೇಳಲ್ಲ.’

‘ಕೇಳದಿದ್ರೂ ಹೇಳ್ತೀನಿ ಸರ್. ನಿರ್ಣಯದ ಪರ.’

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ಪ್ರತಿಯ ಮೇಲೆ ‘ಸ್ವೀಕರಿಸಿದ್ದೇನೆ’ ಅಂತ ಬರೆದರು. ತಾರೀಕು ಹಾಕಿದರು. ಗಡಿಯಾರ ನೋಡಿ ವೇಳೆಯನ್ನೂ ಬರೆದರು. ಹಿಂದೆ ನನಗೆ ಹಾಗೆ ಬರೆಯುವುದನ್ನು ಕಲಿಸಿದವರು ಅವರೇ. ಬಾಗಿಲವರೆಗೆ ಬಂದು, ‘ನೀನೇ ಬಂದು ಕೊಟ್ಟೆಯಲ್ಲ, ಒಳ್ಳೇದಾಯ್ತು’ ಅಂದರು. ದಾರಿಯುದ್ದಕ್ಕೂ ನನಗೆ ಅಳು ತಡೆಯಲಾಗಲಿಲ್ಲ.

ಮಾರನೇ ದಿನವೇ ತಪ್ಪು ಗೊತ್ತಾಯಿತು. ನೋಟಿಸ್ ಕೊಟ್ಟದ್ದು 3ನೇ ತಾರೀಕು, ಸಭೆ 18ಕ್ಕೆ. 18ರಲ್ಲಿ 3 ಕಳೆದರೆ 15, ಸರಿಯಾಯಿತಲ್ಲ ಅಂತ ನನ್ನ ಲೆಕ್ಕ. ಆದರೆ ‘ಪೂರ್ಣ ದಿನ’ ಅಂದರೆ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. 4ರಿಂದ 17ರವರೆಗೆ 14 ದಿನ. ಒಂದು ದಿನ ಕಡಿಮೆ. ‘ಒಂದು ದಿನ ತಾನೇ, ಯಾರು ನೋಡ್ತಾರೆ, ಅವರೇ ಸ್ವೀಕರಿಸಿದ್ದಾರಲ್ಲ’ ಅಂತ ಇಬ್ಬರು ಹೇಳಿದರು. ಇದೇ ಜಾಗದಲ್ಲಿ ಎಷ್ಟೋ ಸಂಘಗಳ ನಿರ್ಣಯ ಬಿದ್ದುಹೋಗುತ್ತದೆ ಅಂತ ವಕೀಲರು ಎಚ್ಚರಿಸಿದರು. ಆದರೆ ನನ್ನನ್ನು ಕಾಡಿದ್ದು ಅದಲ್ಲ. ಠರಾವಿಲ್ಲದೆ ಸಹಿ ಹಾಕಿದಿರಿ, ನಿಯಮ ಮೀರಿದಿರಿ ಅಂತ ನಾವು ಅವರನ್ನು ಕೇಳುತ್ತಿದ್ದೇವೆ. ಆ ಮಾತು ಹೇಳುವ ಕಾಗದದಲ್ಲೇ ನಾವು ನಿಯಮ ಮೀರಬಹುದಾ? ಹಳೆಯ ನೋಟಿಸ್ ಹಿಂಪಡೆದು ಹೊಸದು ಕೊಟ್ಟೆ. ಮತ್ತೆ ಅವರ ಮನೆಗೇ ಹೋದೆ. ಈ ಸಲ 20 ದಿನ ಬಿಟ್ಟು ಸಭೆ.

ಆ ಕಾಯುವ ದಿನಗಳು ಬಹಳ ಕಷ್ಟದವು. ಅಧ್ಯಕ್ಷರು ಎರಡು ಪುಟದ ಉತ್ತರ ಬರೆದು ಕಳಿಸಿದರು. ಒಂದು ಅಕ್ಷರ ಬದಲಿಸದೆ ಅದನ್ನು ಎಲ್ಲ ನಿರ್ದೇಶಕರಿಗೂ ಹಂಚಿದೆ. ಮತ್ತೆ ಫೋನುಗಳು ಶುರುವಾದವು. ‘ಅವರೇ ರಾಜೀನಾಮೆ ಕೊಡಲಿ, ಸಭೆ ಯಾಕೆ’ ಅಂತ ಮಧ್ಯಸ್ಥಿಕೆಗೆ ಇಬ್ಬರು ಹೋಗಿ ಬಂದರು. ಅವರು ಒಪ್ಪಲಿಲ್ಲ. ಒಪ್ಪದೆ ಇರುವ ಹಕ್ಕು ಅವರಿಗಿತ್ತು. ತಾವು ಸರಿ ಅಂತ ನಂಬಿದವರು ರಾಜೀನಾಮೆ ಯಾಕೆ ಕೊಡಬೇಕು?

ಸಭೆಗೆ ನಾಲ್ಕು ದಿನ ಇರುವಾಗ ಒಬ್ಬ ನಿರ್ದೇಶಕರು ಆಸ್ಪತ್ರೆ ಸೇರಿದರು. ಶಸ್ತ್ರಚಿಕಿತ್ಸೆ. ಉಳಿದದ್ದು 10 ಜನ. ಅಧ್ಯಕ್ಷರಿಗೂ ಮತವಿದೆ, ಅವರು ವಿರುದ್ಧ ಹಾಕುತ್ತಾರೆ. ಇನ್ನೊಬ್ಬರು ಮೊದಲಿನಿಂದ ಅವರ ಪರ. ಉಳಿದವರು ಸರಿಯಾಗಿ ಎಂಟು. ಒಂದು ಮತ ಅತ್ತಿತ್ತ ಆದರೂ ಮುಗಿಯಿತು. ಒಬ್ಬರ ಪರವಾಗಿ ಇನ್ನೊಬ್ಬರು ಮತ ಹಾಕಲು ಬೈಲಾದಲ್ಲಿ ಅವಕಾಶವಿಲ್ಲ. ‘ಗಾಲಿಕುರ್ಚಿಯಲ್ಲಿ ಕರ್ಕೊಂಡು ಹೋಗಿ, ಬರ್ತೀನಿ’ ಅಂತ ಹಾಸಿಗೆಯಿಂದಲೇ ಅವರು ಹೇಳಿ ಕಳಿಸಿದರು.

ನನಗೆ ಆಗ ನೆನಪಾದದ್ದು ಬ್ರಿಟನ್ನಿನ 1979ರ ಮಾರ್ಚ್ 28. ಜೇಮ್ಸ್ ಕ್ಯಾಲಹನ್ ಸರ್ಕಾರದ ಮೇಲಿನ ಅವಿಶ್ವಾಸ 311ಕ್ಕೆ 310 ಮತಗಳಿಂದ ಗೆದ್ದಿತು. ಅವರ ಪಕ್ಷದ ಸಂಸದ ಆಲ್‌ಫ್ರೆಡ್ ಬ್ರಾಟನ್ ತೀರಾ ಕಾಯಿಲೆಯಲ್ಲಿದ್ದರು. ಅವರನ್ನು ಆಂಬುಲೆನ್ಸ್‌ನಲ್ಲಿ ಕರೆತರುವ ಮಾತಿತ್ತು. ಕೊನೆಗೆ ಕರೆತರಲಿಲ್ಲ. ಸರ್ಕಾರ ಬಿತ್ತು. ಬ್ರಾಟನ್ ಕೆಲವೇ ದಿನಗಳಲ್ಲಿ ತೀರಿಕೊಂಡರು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ವಿಶ್ವಾಸಮತದಲ್ಲಿ ಸೋತದ್ದೂ ಹಾಗೇ, 269ಕ್ಕೆ 270. ಒಂದು ಮತ ಅಂದರೆ ಏನು ಅಂತ ಗೊತ್ತಿದ್ದೇ ನಾವು ಅವರಿಗೆ ಬರಬೇಡಿ ಅಂದೆವು. ಸೋತರೆ ಸೋಲೋಣ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಂದು ಒಬ್ಬರು ಚೀಟಿ ಹಾಕುವುದು ಬೇಡ.

ಸಭೆಯ ದಿನ ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದಿದ್ದರು. ಅಧ್ಯಕ್ಷರೂ ಬಂದರು. ಅಭ್ಯಾಸಬಲದಿಂದ ತಮ್ಮ ಕುರ್ಚಿಯ ಹತ್ತಿರ ಹೋಗಿ, ಅದರ ಬೆನ್ನಿನ ಮೇಲೆ ಕೈಯಿಟ್ಟು, ಒಂದು ಗಳಿಗೆ ನಿಂತರು. ಆಮೇಲೆ ಸುತ್ತಿಕೊಂಡು ಬಂದು ಮೇಜಿನ ಈ ಕಡೆ ಕೂತರು. ತಮ್ಮ ಮೇಲಿನ ವಿಷಯವಾದ್ದರಿಂದ ತಾವು ಸಭೆ ನಡೆಸುವಂತಿಲ್ಲ ಅಂತ ಯಾರೂ ಹೇಳುವ ಪ್ರಸಂಗ ಬರಲಿಲ್ಲ. ಸಹಿ ಹಾಕದಿದ್ದ ಒಬ್ಬ ಹಿರಿಯ ನಿರ್ದೇಶಕಿಯನ್ನು ಆ ಸಭೆಯ ಮಟ್ಟಿಗೆ ಆರಿಸಿ ಕೂರಿಸಿದೆವು. ಕೋರಂ ಎಣಿಸಿದೆ. ನಿರ್ಣಯ ಓದಿದೆ. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು.

ಅಧ್ಯಕ್ಷರು ಅರ್ಧ ಗಂಟೆ ಮಾತಾಡಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಒಪ್ಪಂದದ ವಿಷಯದಲ್ಲಿ, ಕಾದಿದ್ದರೆ ಗುತ್ತಿಗೆದಾರ ಸಿಗುತ್ತಿರಲಿಲ್ಲ ಅಂದರು. ಸಭೆ ಕರೆಯದ ಬಗ್ಗೆ, ಕರೆದರೂ ಅರ್ಧ ಜನ ಬರುತ್ತಿರಲಿಲ್ಲ ಅಂದರು. ಅದು ನಿಜವೂ ಆಗಿತ್ತು. ನನ್ನನ್ನೂ ಸೇರಿಸಿ ನಾವೆಲ್ಲ ತಲೆ ತಗ್ಗಿಸಿದೆವು. ಪತ್ರದ ಬಗ್ಗೆ ಮಾತ್ರ ಅವರು ಏನೂ ಹೇಳಲಿಲ್ಲ.

ಕೈ ಎತ್ತುವುದು ಬೇಡ, ಚೀಟಿಯೇ ಇರಲಿ ಅಂತ ಮೊದಲೇ ತೀರ್ಮಾನಿಸಿದ್ದೆವು. ಒಂದೇ ಹಾಳೆಯಿಂದ ಹತ್ತು ಚೀಟಿ ಕತ್ತರಿಸಿದ್ದೆ. ‘ಪರ’, ‘ವಿರುದ್ಧ’ ಅಂತ ಎರಡು ಚೌಕ. ಬರವಣಿಗೆ, ಶಾಯಿ ಯಾರದೆಂದು ಗೊತ್ತಾಗಬಾರದೆಂದು ಒಂದೇ ನೀಲಿ ಪೆನ್ನು, ಗುರುತು ಮಾತ್ರ. ಪೆಟ್ಟಿಗೆ ಅಂದರೆ ಓದುಗರ ಸಲಹಾ ಪೆಟ್ಟಿಗೆ, ಬೀಗ ತೆಗೆದು ಖಾಲಿ ಇದೆ ಅಂತ ಎಲ್ಲರಿಗೂ ತೋರಿಸಿದ್ದು. ಒಬ್ಬೊಬ್ಬರಾಗಿ ಕಪಾಟಿನ ಮರೆಗೆ ಹೋಗಿ ಗುರುತು ಹಾಕಿ ಬಂದರು. ನನ್ನ ಸರದಿ ಬಂದಾಗ ಆ ಕಪಾಟಿನ ಪುಸ್ತಕಗಳ ಬೆನ್ನು ನೋಡಿದೆ. ಕೆಲವದರ ಮೇಲೆ ಇನ್ನೂ ನೀರಿನ ಕಲೆಯಿತ್ತು. ‘ಪರ’ದ ಚೌಕದಲ್ಲಿ ಗುರುತು ಹಾಕಿ ಚೀಟಿ ಮಡಿಚಿದೆ.

ಎಣಿಕೆಗೆ ಎರಡು ನಿಮಿಷವೂ ಆಗಲಿಲ್ಲ. ಪರ ಎಂಟು. ವಿರುದ್ಧ ಎರಡು. ತಿರಸ್ಕೃತ ಯಾವುದೂ ಇಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಡಾವಳಿಯಲ್ಲಿ ನಾನು ಮತದ ಲೆಕ್ಕ ಬರೆದೆ. ಅಧ್ಯಕ್ಷರ ಉತ್ತರವನ್ನು ಲಗತ್ತಿಸಲಾಗಿದೆ ಅಂತಲೂ ಬರೆದೆ. ಅವರ ಸೇವೆಯನ್ನು ಸ್ಮರಿಸುವ ಒಂದು ಸಾಲು ಸೇರಿಸಬೇಕು ಅನ್ನಿಸಿತು. ವಕೀಲರು ತಲೆಯಾಡಿಸಿದರು. ‘ಇವತ್ತು ಬೇಡ. ಇವತ್ತು ಬರೆದರೆ ಅವರಿಗೆ ಚುಚ್ಚಿದ ಹಾಗಾಗುತ್ತೆ.’

ಆಮೇಲಿನದು ಬರೀ ಕಾಗದದ ಕೆಲಸ. ಠರಾವಿನ ದೃಢೀಕೃತ ನಕಲು ಬ್ಯಾಂಕಿಗೆ ಹೋಯಿತು, ಸಹಿಯ ಅಧಿಕಾರ ಬದಲಾಯಿತು. ನೋಂದಣಿ ಕಚೇರಿಗೂ ಒಂದು ಪ್ರತಿ. ನೋಟಿಸ್ ತಲುಪಿದ ಸ್ವೀಕೃತಿಗಳನ್ನು ಅಲ್ಲಿ ಒಂದೊಂದಾಗಿ ನೋಡಿದರು. ತಾರೀಕು, ವೇಳೆ ಬರೆದ ಹಳೆಯ ಅಧ್ಯಕ್ಷರ ಸ್ವೀಕೃತಿಯೇ ಎಲ್ಲಕ್ಕಿಂತ ಅಚ್ಚುಕಟ್ಟಾಗಿತ್ತು. ಕೀಲಿಕೈಗಳನ್ನು ಅವರು ಪಟ್ಟಿ ಮಾಡಿ ಕೊಟ್ಟರು. ನನ್ನ ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಕೀಲಿಯನ್ನೂ ತಂದಿದ್ದರು. ಹಳೆಯ ದಾಖಲೆಗಳ ಪೆಟ್ಟಿಗೆಯದು. ಅದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಅಧ್ಯಕ್ಷ ಸ್ಥಾನ ಹೋಗಿತ್ತು ಅಷ್ಟೇ, ನಿರ್ದೇಶಕ ಸ್ಥಾನ ಹೋಗಿರಲಿಲ್ಲ. ಅದನ್ನು ಕೊಟ್ಟವರು ಸರ್ವಸದಸ್ಯರು. ಅದನ್ನು ತೆಗೆಯುವ ಅಧಿಕಾರ ಮಂಡಳಿಗಿಲ್ಲ. ಹಾಗಾಗಿ ಮುಂದಿನ ತಿಂಗಳ ಸಭೆಗೆ ಅವರಿಗೂ ಸೂಚನಾಪತ್ರ ಕಳಿಸಿದೆ. ಬರಲಾರರು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಬಂದರು. ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದ ನಿರ್ದೇಶಕರ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಅವರ ಆರೋಗ್ಯ ವಿಚಾರಿಸಿದರು.

ಉಪಾಧ್ಯಕ್ಷೆ ಸಭೆ ಶುರು ಮಾಡಿದರು. ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿ. ಹಳೆಯ ಅಧ್ಯಕ್ಷರೆದುರು ಅದನ್ನು ಓದಲು ನನಗೆ ಬಾಯಿ ಬರಲಿಲ್ಲ. ‘ಎಲ್ಲರಿಗೂ ಪ್ರತಿ ಕಳಿಸಿದ್ದೇನೆ, ಓದಿದ್ದೀರಲ್ಲ, ಖಾಯಂ ಮಾಡಬಹುದಾ?’ ಅಂತ ಕೇಳಿದೆ.

ಅವರು ಕೈ ಎತ್ತಿದರು.

‘ಕಾರ್ಯದರ್ಶಿಗಳೇ, ಪೂರ್ತಿ ಓದಿ. ಆಮೇಲೆ ಖಾಯಂ ಮಾಡೋಣ.’

ಪುಸ್ತಕ ತೆರೆದು ಮೊದಲ ಸಾಲಿನಿಂದ ಓದತೊಡಗಿದೆ. ಮತ ಎಣಿಕೆ ಮುಗಿದ ವೇಳೆಯನ್ನು ನಾನು ಹತ್ತು ನಿಮಿಷ ತಪ್ಪಾಗಿ ಬರೆದಿದ್ದೆ. ಅವರು ಅದನ್ನು ಹೇಳಿದರು. ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ಮುಂದಕ್ಕೆ ಓದಿದೆ.